ಕಡೇ ಗದ್ದೆ ನೆನೆಯೋ ಗಂಟ

"ಕೇಳ್ರಪ್ಪೋ ಕೇಳ್ರಿ! ಮಹಾರಾಜ ಅಪ್ರತಿಮಮಲ್ಲರ ಅಪ್ಪಣೆ! ತೂಬಿನ ರಕ್ಕಸಿಯ ಮೂರು ಒಗಟು ಬಿಡಿಸಿ, ಸತ್ತ ಬೋರ್ಡಿಗೆ ಜೀವ ಕೊಟ್ಟೋರಿಗೆ ಕೇಳಿದ್ದು ಕೊಡ್ತಾರೆ! ತಪ್ಪು ಹೇಳ್ದೋರನ್ನ ರಕ್ಕಸಿ ನುಂಗ್ತಾಳೆ! ಅಮಾಸೆ ಒಳಗೆ ಯಾರೂ ಬಿಡಿಸದೆ ಹೋದ್ರೆ ನೀರುಗಂಟಿ ಚೌಡನ ತಲೆ ಹಾರುತ್ತೆ!"

ಡಂಗುರದವನಿಗೇನು, ಸಾರಿ ಮನೆಗೆ ಹೋದ. ವಿಷಯ ಇಷ್ಟು. ಆ ಊರಿನ ಕೆರೆಯ ತೂಬನ್ನು ಎತ್ತಿ ಇಳಿಸುತ್ತಿದ್ದದ್ದು ಒಂದು ಯಂತ್ರ, ಅದರೊಳಗೆ ಅಂಗೈಯಗಲದ ಒಂದು ಬೋರ್ಡು. ತೂಬಿನ ಕೆಳಗಿನ ಗವಿಯಲ್ಲಿದ್ದ ರಕ್ಕಸಿ ಅದನ್ನು ಮಾಡಿ ಹೆತ್ತ ಕೂಸಿನಂತೆ ಸಾಕಿದ್ದಳು. ವರ್ಷಕ್ಕೊಮ್ಮೆ ಅದರ ಬುದ್ಧಿಯ ತಿರುಳನ್ನು, ಬಲ್ಲವರು ಕರ್ನೆಲ್ ಎನ್ನುವುದನ್ನು, ಹೊಸದಾಗಿ ಬರೆದು ಲ್ಯಾಪ್‌ಟಾಪಿನಲ್ಲಿಟ್ಟು ಕೊಡುವಳು. ಕೆರೆಯ ನೀರು ಬಿಡುವ ನೀರುಗಂಟಿ ಚೌಡ ಯುಎಸ್‌ಬಿ ಕೇಬಲ್ ಹಾಕಿ ಅದನ್ನು ಬೋರ್ಡಿಗೆ ತುಂಬುವನು. ಈ ವರ್ಷ, ರಾಜನ ಮೆರವಣಿಗೆ ಹೊರಡುವ ದಿನ, ತುಂಬುವಾಗಲೇ ಬೋರ್ಡು ಸತ್ತಿತು. ತೂಬು ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು, ಗದ್ದೆಗಳು ಬಿರುಕು ಬಿಟ್ಟವು. "ಚೌಡನೇ ಕೊಂದ" ಎಂದ ರಾಜ, ಅವನನ್ನು ಸೆರೆಗೆ ತಳ್ಳಿದ. ರಾಜರ ಮಾತಿಗೆ ಸಾಕ್ಷಿ ಕೇಳುವ ರೂಢಿ ಆ ಊರಿಗಿರಲಿಲ್ಲ. ರಕ್ಕಸಿ ಮಾತ್ರ ನಂಬಲಿಲ್ಲ. ಹೊಸ ತಿರುಳನ್ನು ಕೊಡದೆ, ಕೆರೆಯ ಏರಿಯ ಮೇಲೆ ಒಗಟು ಹೂಡಿ ಕುಳಿತಳು.

ಮೊದಲು ಮೀಸೆ ತಿರುವುತ್ತ ದಳವಾಯಿಯ ಮಗ ಬಂದ.

"ಅನ್ನ ಹಾಕ್ತದೆ, ಒಂದು ಮಾತನ್ನೂ ದಾಟಿಸಲ್ಲ. ಯಾವುದು?" ಎಂದು ರಕ್ಕಸಿ ಕೇಳಿದಳು.

"ಸೆರೆಮನೆಯ ಕಾವಲುಗಾರ!"

"ಲಂಚ ಕೊಟ್ರೆ ಅವನು ಎಲ್ಲಾ ದಾಟಿಸ್ತಾನೆ ಕಣೋ" ಎಂದು ಅವಳು ಅವನನ್ನು ಮೀಸೆಯ ಸಮೇತ ನುಂಗಿದಳು.

ಅದೇ ಒಗಟಿಗೆ ಆಸ್ಥಾನ ಪಂಡಿತ ಮೂರು ಸಲ ಕೆಮ್ಮಿ, "ಮಲತಾಯಿ" ಎಂದ.

"ಬೈಗುಳ ಮಾತಲ್ವೇನೋ?" ಎಂದಳು. ಅವನ ಶಾಲು ಮಾತ್ರ ಉಳಿಯಿತು.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಅಮಾವಾಸ್ಯೆಯ ದಿನ ಬಂದವಳು ಚೌಡನ ಮಗಳು ಹೊನ್ನಿ, ಧೂಳು ಮೆತ್ತಿದ ಕಾಲಿನಲ್ಲೇ.

"ಅಪ್ಪ ಕೊಂದ, ಮಗಳು ಹೂಳೋಕೆ ಬಂದ್ಲು" ಎಂದು ಏರಿಯ ಮೇಲೇ ಸಿಂಹಾಸನ ಹಾಕಿಸಿಕೊಂಡು ಕೂತಿದ್ದ ರಾಜ ನಕ್ಕ. ರಾಜ ನಕ್ಕ ಮೇಲೆ ಉಳಿದವರಿಗೂ ನಗದೆ ವಿಧಿಯಿರಲಿಲ್ಲ, ನಕ್ಕರು.

ರಕ್ಕಸಿ ಅದೇ ಒಗಟನ್ನು ಕೇಳಿದಳು.

"ಅದು ಬರೀ ಚಾರ್ಜಿನ ಕೇಬಲ್ಲು, ರಕ್ಕಸವ್ವ" ಎಂದಳು ಹೊನ್ನಿ. "ಅದರೊಳಗೆ ಕರೆಂಟಿನ ತಂತಿ ಐತೆ, ಮಾತಿನ ತಂತಿ ಇಲ್ಲ. ಬೋರ್ಡಿನ ದೀಪ ಹತ್ತುತ್ತೆ, ಲ್ಯಾಪ್‌ಟಾಪಿಗೆ ಮಾತ್ರ ಬೋರ್ಡು ಕಾಣಲ್ಲ. ನಮ್ಮಪ್ಪ ಅಂಥದ್ರಲ್ಲಿ ಒಂದಿನ ಪೂರ್ತಿ ಏಗಿ, ಕೊನೆಗೆ ಅದನ್ನ ಹುರುಳಿ ಚೀಲದ ಬಾಯಿ ಕಟ್ಟಕ್ಕೆ ಇಟ್ಕೊಂಡ."

ರಕ್ಕಸಿಯ ಹಲ್ಲು ಒಂದಿಷ್ಟು ಒಳಗೆ ಸರಿದವು. "ಎರಡನೇದು. ಕಣ್ಣು ಬಿಡೋ ಮೊದಲೇ ಹಿಡ್ಕೊಂಡ್ರೆ ಹೊಸ ಪಾಠ ಕಲೀತದೆ. ಕಣ್ಣು ಬಿಟ್ಟ ಮೇಲೆ ಹಿಡಿದ್ರೆ ಹಳೇ ಹಟವೇ. ಏನನ್ನ ಹಿಡೀಬೇಕು?"

"ಬೋರ್ಡಿನ ಮೂಲೇಲಿರೋ ಸಣ್ಣ ಬಟನ್ನು. ಅದನ್ನ ಒತ್ತಿ ಹಿಡ್ಕೊಂಡೇ ಕೇಬಲ್ ಚುಚ್ಚಬೇಕು. ಚುಚ್ಚಿದ ಮೇಲೆ ಒತ್ತಿದ್ರೆ, ಆಗಲೇ ಕಣ್ಣು ಬಿಟ್ಟ ಬೋರ್ಡು ಹಳೇ ತಿರುಳನ್ನೇ ಹುಡುಕ್ತದೆ, ಹೊಸದನ್ನ ಮುಟ್ಟಲ್ಲ."

ಜನರ ನಗು ನಿಂತಿತು. ರಾಜ ಸಿಂಹಾಸನದಲ್ಲಿ ಮುಂದಕ್ಕೆ ಸರಿದ.

"ಮೂರನೇದು" ಎಂದು ರಕ್ಕಸಿ ಸತ್ತ ಬೋರ್ಡನ್ನು ಮಡಿಲಿಗೆ ಎಳೆದುಕೊಂಡಳು. "ನನ್ನ ಕೂಸು 'ಆಯ್ತು' ಅಂದಿತ್ತು. ಆಗಿರಲಿಲ್ಲ. ಆ ಗಳಿಗೇಲಿ ಅದನ್ನ ಕೊಂದ ಕೈ ಯಾವುದು?"

"ಚೌಡನ ಕೈ ಅನ್ನು" ಎಂದು ರಾಜ ಕತ್ತಿಯ ಹಿಡಿ ಮುಟ್ಟಿದ. "ಬೇರೆ ಹೆಸರು ಬಂದ್ರೆ ರಕ್ಕಸಿ ಬಿಟ್ರೂ ನಾನು ಬಿಡಲ್ಲ."

ಹೊನ್ನಿ ರಾಜನ ಕತ್ತಿ ನೋಡಿದಳು, ರಕ್ಕಸಿಯ ಹಲ್ಲು ನೋಡಿದಳು. ಅತ್ತ ದರಿ, ಇತ್ತ ಪುಲಿ. ಸುಳ್ಳು ಹೇಳಿದರೆ ಅಪ್ಪನೂ ಹೋಗುತ್ತಾನೆ, ತಾನೂ ಹೋಗುತ್ತೇನೆ ಎಂಬುದು ಮಾತ್ರ ಅವಳಿಗೆ ಸ್ಪಷ್ಟವಿತ್ತು.

"ಪರದೆ ಮೇಲೆ ನೂರಕ್ಕೆ ನೂರು ಬಂದ್ರೂ ತಿರುಳಿನ ಕೊನೇ ಪಾಲು ಇನ್ನೂ ದಾರೀಲಿರ್ತದೆ" ಎಂದಳು. "ಬೋರ್ಡಿನ ದೀಪ ಮಿಣಮಿಣ ಅನ್ನೋದು ನಿಲ್ಲೋ ಗಂಟ ಕೇಬಲ್ ಕೀಳಬಾರದು. ತೂಬು ಎತ್ತಿದ ಕೂಡಲೇ ನೀರು ಬಂತು ಅನ್ನೋನು ನೀರುಗಂಟಿ ಅಲ್ಲ. ಕಡೇ ಗದ್ದೆ ನೆನೆಯೋ ಗಂಟ ನಮ್ಮಪ್ಪ ಕಾಲುವೆ ಬಿಟ್ಟೋನಲ್ಲ. ಅವತ್ತು ನಾನು ಅವನಿಗೆ ಬುತ್ತಿ ತಂದಿದ್ದೆ. 'ನೂರು ಬಂತಲ್ಲೋ, ಮೆರವಣಿಗೆಗೆ ಹೊತ್ತಾಯ್ತು' ಅಂತ ಕೇಬಲ್ ಕಿತ್ತ ಕೈಯಲ್ಲಿ ಹಸುರು ಕಲ್ಲಿನ ಉಂಗುರ ಇತ್ತು. ಈಗಲೂ ಐತೆ, ಬುದ್ಧಿ."

ಜನರೆಲ್ಲ ರಾಜನ ಕೈ ನೋಡಿದರು. ರಾಜ ಕತ್ತಿ ಬಿಟ್ಟು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಷ್ಟು ಸಾಕಾಯಿತು. ರಕ್ಕಸಿ ಎದ್ದು ಅವನ ಪಕ್ಕದಲ್ಲಿ ನಿಂತಳು. ಕಾವಲಿನವರು ಒಬ್ಬೊಬ್ಬರಾಗಿ ದೂರ ಸರಿದರು.

"ಮೊದಲು ಕೂಸು" ಎಂದು ರಕ್ಕಸಿ ಬೋರ್ಡನ್ನೂ ಲ್ಯಾಪ್‌ಟಾಪನ್ನೂ ಒಂದು ಹಿಡಿ ಕೇಬಲ್ಲುಗಳನ್ನೂ ಹೊನ್ನಿಯ ಮುಂದಿಟ್ಟಳು.

ಹೊನ್ನಿ ಕೇಬಲ್ ಆರಿಸಿ, ಬಟನ್ ಒತ್ತಿ ಹಿಡಿದು ಚುಚ್ಚಿದಳು. ತಿರುಳು ಇಳಿಯತೊಡಗಿತು. ಪರದೆಯಲ್ಲಿ ನೂರು ಬಂತು. "ಆಯ್ತು, ತೆಗಿ, ತೆಗಿ!" ಎಂದು ಜನ ಕೂಗಿದರು. ಅವಳು ತೆಗೆಯಲಿಲ್ಲ. ದೀಪ ಮಿಣುಕುತ್ತಲೇ ಇತ್ತು. ಆಮೇಲೆ ಮಿಣುಕು ನಿಂತು ದೀಪ ಸುಮ್ಮನೆ ಉರಿಯಿತು. ಅವಳು ಕೇಬಲ್ ಬಿಡಿಸಿ ಬೋರ್ಡನ್ನು ಯಂತ್ರದೊಳಗೆ ಕೂರಿಸಿದಳು. ತೂಬು ನರಳಿ ಮೇಲೆದ್ದಿತು, ನೀರು ಕಾಲುವೆಗೆ ಬಿತ್ತು. ರಕ್ಕಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಏನು ಬೇಕು ಕೇಳು ಮಗಳೇ. ಇವನನ್ನ ನುಂಗಲಾ?"

"ಬ್ಯಾಡ. ನಮ್ಮಪ್ಪನ್ನ ಬಿಡಿಸಿ. ಮತ್ತೆ, ಬುದ್ಧಿಯವರು ಅಪ್ಪನ ಗುದ್ದಲಿ ಹಿಡ್ಕೊಂಡು ಈ ಕಾಲುವೆ ಮೇಲೆ ನಿಲ್ಲಲಿ. ಕಡೇ ಗದ್ದೆ ನೆನೆಯೋ ಗಂಟ."

ಅಪ್ರತಿಮಮಲ್ಲ ನಿಂತ. ಬಿಸಿಲು ಏರಿತು, ಕಿರೀಟ ಕಾಯಿತು, ಹಿಂದೆ ರಕ್ಕಸಿ ಹಲ್ಲು ಕಡಿಯುತ್ತಿದ್ದಳು. ನೀರು ಒಂದು ಗದ್ದೆ ತುಂಬಿ ಇನ್ನೊಂದಕ್ಕೆ ಹೋಯಿತು. ಕೆರೆಯಿಂದ ಎಲ್ಲಕ್ಕಿಂತ ದೂರದ ಗದ್ದೆ ಚೌಡನದೇ. ಸೆರೆಯಿಂದ ಬಂದವನು ಅದರ ಬದುವಿನ ಮೇಲೆ ಕುಳಿತು ಕಾಯುತ್ತಿದ್ದ. ಸಂಜೆಗೆ ನೀರು ಅವನ ಪಾದ ಮುಟ್ಟಿತು. ಅವನು ಎದ್ದು ನಿಂತು ಟವೆಲ್ ಬೀಸಿದ.

ಹೊನ್ನಿ ರಾಜನ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ಈಗ ಆಯ್ತು ಬುದ್ಧಿ" ಎಂದಳು.