ಬೊಮ್ಮಜ್ಜಿಯ ಗೊರಸಿನ ಗುರುತು

ಬೇಸಿಗೆ ಬಂತೆಂದರೆ ಹಳ್ಳಕೊಳ್ಳಗಳೆಲ್ಲ ಬತ್ತಿ ಒಂದೇ ಒಂದು ಕೆರೆ ಉಳಿಯುವ ಒಂದು ಕಾಡಿನಲ್ಲಿ ಜಿಂಕೆಗಳ ಹಿಂಡೊಂದಿತ್ತು. ಆ ಕೆರೆಯೂ ಸುಮ್ಮನೆ ನೀರು ಕೊಡುವಂಥದ್ದಲ್ಲ. ನೀರು ಇಳಿದಂತೆ ಸುತ್ತಲೂ ಕೆಸರು ಉಳಿಯುತ್ತಿತ್ತು. ಮೇಲೆ ಒಣಗಿ ಗಟ್ಟಿ ನೆಲದಂತೆ ಕಾಣುತ್ತಿತ್ತು, ಒಳಗೆ ಆಳವಾದ ಹುದುಲು. ತಪ್ಪಿ ಕಾಲಿಟ್ಟರೆ ಕಥೆ ಮುಗಿಯಿತು.

ಅದಕ್ಕೇ ಹಿಂಡಿನಲ್ಲಿ ಒಂದು ಪದ್ಧತಿ ಇತ್ತು. ನೀರಿಗೆ ಇಳಿಯುವಾಗ ಎಲ್ಲರಿಗಿಂತ ಹಿರಿಯ ಹೆಣ್ಣು ಮುಂದೆ ಹೋಗಬೇಕು. ಅವಳು ಒಂದು ಗೊರಸು ಊರಿ, ನಿಂತು, ನೆಲ ಒಳಗೊಳಗೇ ಅಲುಗುತ್ತದೆಯೋ ಎಂದು ನೋಡಿ, ಆಮೇಲೆ ಇನ್ನೊಂದು ಗೊರಸು ಊರುವಳು. ಉಳಿದವರು ಆ ಗುರುತಿನ ಮೇಲೇ ಕಾಲಿಡಬೇಕು. ಈಗ ಆ ಕೆಲಸ ಬೊಮ್ಮಜ್ಜಿಯದಾಗಿತ್ತು. ಅವಳ ಮೈಮೇಲಿನ ಚುಕ್ಕೆಗಳು ಮಾಸಿದ್ದವು, ಮುಂಗಾಲು ನಡುಗುತ್ತಿತ್ತು. ಅವಳ ಹಿಂದೆ ಮಗಳು ಕೆಂಪಿ, ಕೆಂಪಿಯ ಹಿಂದೆ ಮೊಮ್ಮಗಳು ಚಿಟ್ಟಿ. ಎಲ್ಲರೂ ನೀರು ಕುಡಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು, ನಿಜ. ಆದರೆ ಅಜ್ಜಿಯ ಕಾಲದಲ್ಲಿ ಒಂದು ಮರಿಯೂ ಹುದುಲಿಗೆ ಬಿದ್ದಿರಲಿಲ್ಲ.

ಇದನ್ನು ನೋಡಿ ಹೊಟ್ಟೆ ಉರಿದುಕೊಂಡವನು ದಂಡೆಯ ಪೊದೆಯಲ್ಲಿದ್ದ ನರಿ. ಅವನು ಬಡಕಲು. ಒಣಗಿದ ಪದರದ ಮೇಲೆ ಓಡಾಡಿದರೂ ಅದು ಒಡೆಯುತ್ತಿರಲಿಲ್ಲ. ಒಂದು ಜಿಂಕೆ ಸಿಕ್ಕಿಬಿದ್ದರೆ ಸಾಕು, ಕಷ್ಟಪಡದೆ ಕೂತು ತಿನ್ನಬಹುದು. ಅಡ್ಡ ಇದ್ದವಳು ಮುದುಕಿ ಒಬ್ಬಳೇ.

ಒಂದು ದಿನ ನರಿ ಹಿಂಡಿನ ಯಜಮಾನ ಕೊಂಬಣ್ಣನ ಹತ್ತಿರ ಬಂದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಅಣ್ಣ. ಕಾಲು ನಡುಗೋ ಆ ಹಿರಿಜೀವನ ಕೆಸರಿಗೆ ಮುಂದೆ ಬಿಟ್ಟು ನೀನು ಹಿಂದೆ ಬರ್ತೀಯಲ್ಲ, ನೋಡಿದವರು ಏನಂದ್ಕೋತಾರೆ?"

ಕೊಂಬಣ್ಣನಿಗೆ ನಾಚಿಕೆಯಾಯಿತು. ಅವನೇನೂ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನರಿಯ ಮಾತು ಅವನಿಗೆ ನಾಟುತ್ತಲೇ ಇರಲಿಲ್ಲ. ಅವನು ನೇರವಾಗಿ ಬೊಮ್ಮಜ್ಜಿಯ ಬಳಿ ಹೋದ.

"ನೀನು ದುಡಿದಿದ್ದು ಸಾಕು ಅಜ್ಜಿ. ಇನ್ನು ಮೇಲೆ ನೀನೂ ಉಳಿದ ಮುದುಕರೂ ಬಂಡೆ ನೆರಳಲ್ಲಿ ಆರಾಮಾಗಿರಿ. ಪಕ್ಕದಲ್ಲೇ ಒರತೆ ಇದೆ, ನಿಮಗೆ ಸಾಲುತ್ತೆ. ಎಳೆ ಚಿಗುರು ನಾವೇ ತಂದುಕೊಡ್ತೀವಿ."

"ನೀರಿನ ದಾರಿ ಯಾರು ನೋಡ್ತಾರಪ್ಪ?"

"ದಿನಾ ಹೋಗೋ ದಾರಿ ತಾನೇ? ನಾನು ನೋಡ್ಕೋತೀನಿ."

ದಾರಿ ದಿನಾ ಬದಲಾಗುತ್ತದೆ ಎಂದು ಹೇಳಬೇಕೆಂದು ಅಜ್ಜಿಯ ಬಾಯಿಗೆ ಬಂತು. ಆದರೆ ಕಾಲು ನೋಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಯಾರೋ ಕೂತುಕೋ ಅಂದಿದ್ದರು. ಹೇಳದೆ ಕೂತುಬಿಟ್ಟಳು. ಅಲ್ಲಿ ಅವಳದೂ ತಪ್ಪಿತ್ತು.

ನಾಲ್ಕು ದಿನ ಅಜ್ಜಿಯ ಹಳೆಯ ಗುರುತುಗಳೇ ಹಿಂಡನ್ನು ಕಾಪಾಡಿದವು. ಐದನೆಯ ದಿನ ನೀರು ಇನ್ನಷ್ಟು ಹಿಂದೆ ಸರಿದಿತ್ತು. ಗುರುತುಗಳು ಅರ್ಧಕ್ಕೇ ನಿಂತಿದ್ದವು. ಕೊಂಬಣ್ಣ ಏನು ಮಾಡುವುದೆಂದು ನಿಂತಿದ್ದಾಗ ನರಿ ಆಚೆಯಿಂದ ಕೂಗಿದ. "ಇಲ್ಲಿ ಬನ್ನಿ, ನೆಲ ಗಟ್ಟಿ ಇದೆ. ನೋಡಿ, ನಾನೇ ಓಡ್ತಿದ್ದೀನಿ."

ಬಾಯಾರಿದ್ದ ಎರಡು ಹರೆಯದ ಜಿಂಕೆಗಳು ಹಾರಿದವು. ನೆಲ ಒಡೆಯಿತು. ಎದೆಯವರೆಗೆ ಹೂತು ಅವು ಕೂಗಿಕೊಂಡವು. ಹತ್ತಿರ ಹೋಗಲು ಯಾರಿಂದಲೂ ಆಗಲಿಲ್ಲ. ಹಿಂಡು ನೀರು ಕುಡಿಯದೆ ಓಡಿಹೋಯಿತು. ನರಿ ಹಗಲು ಬೆಳಕಿನಲ್ಲೇ ತಿನ್ನಲು ಶುರುಮಾಡಿದ.

"ಅಜ್ಜಿಗೆ ಹೇಳಬೇಡಿ, ಹಿರಿಜೀವ ನೊಂದ್ಕೊಳ್ಳುತ್ತೆ" ಎಂದ ಕೊಂಬಣ್ಣ. ಅಜ್ಜಿ ಆ ಇಬ್ಬರ ಬಗ್ಗೆ ವಿಚಾರಿಸಿದಾಗ ಎಲ್ಲೋ ಮೇಯುತ್ತಿದ್ದಾರೆ ಅಂದರು. ಅಜ್ಜಿಗೆ ಅನುಮಾನ ಬಂತು, ಆದರೂ ಕೂತೇ ಇದ್ದಳು. ಮುಂದಿನ ನಾಲ್ಕು ದಿನದಲ್ಲಿ ಬಾಯಾರಿಕೆ ತಾಳದೆ ಕೆಸರಿಗೆ ಇಳಿದ ಇನ್ನೂ ಮೂವರು ಹೋದರು. ತಿಂದು ತಿಂದು ನರಿಯ ಹೊಟ್ಟೆ ನೆಲಕ್ಕೆ ತಾಗುವಂತಾಯಿತು.

ಹತ್ತನೆಯ ದಿನ ಚಿಟ್ಟಿ ಒಂಟಿಯಾಗಿ ಬಂಡೆಯ ಹತ್ತಿರ ಬಂದಳು.

"ಅಜ್ಜಿ, ಅಮ್ಮ ಕೆಸರಲ್ಲಿ ನಿಂತಿದ್ದಾಳೆ. ಕರೆದ್ರೆ ಬರ್ತಿಲ್ಲ. ನೀನು ಹೋಗು ಅಂತಾಳೆ."

ಬೊಮ್ಮಜ್ಜಿ ಎದ್ದಳು. ಅವಳು ಕೆರೆಗೆ ಹೋಗುವಷ್ಟರಲ್ಲಿ ಕೆಂಪಿಯ ಕಿವಿಗಳೂ ಕಾಣುತ್ತಿರಲಿಲ್ಲ. ಮಗಳು ಹೋದ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು. ತಾನು ಕೂತ ಆ ಹತ್ತು ದಿನಗಳಿಗೆ ತನಗೆ ತಾನೇ ಶಾಪ ಹಾಕಿಕೊಂಡಳು.

ಮರುದಿನ ಬೆಳಗ್ಗೆ ಅವಳು ಹಿಂಡಿನ ಮುಂದೆ ಬಂದು ನಿಂತಳು. ಕೊಂಬಣ್ಣ ತಲೆ ತಗ್ಗಿಸಿಕೊಂಡು ನರಿ ಹೇಳಿದ್ದನ್ನೆಲ್ಲ ಒಪ್ಪಿಸಿದ. ಆದರೂ ಅವನ ಬಾಯಿಂದ ಹಳೆಯ ಮಾತೇ ಬಂತು. "ನಿನ್ನ ಕಾಲು ನಡುಗುತ್ತಲ್ಲ ಅಜ್ಜಿ."

"ನಡುಗೋ ಕಾಲಿಗೇ ನೆಲದ ನಡುಕ ಗೊತ್ತಾಗೋದು ಕಣಪ್ಪ. ನಿನ್ನ ಗಟ್ಟಿ ಕಾಲಿಗೆ ಅದು ತಿಳಿಯಲ್ಲ. ಹಿಂದೆ ಬಾ, ನೋಡಿ ಕಲಿ."

ಅಜ್ಜಿ ಗೊರಸು ಊರಿ ನಿಂತಳು. ನೆಲ ಅಲುಗಿತು, ಕಾಲು ತೆಗೆದಳು. ಪಕ್ಕದಲ್ಲಿ ಊರಿದಳು. ಕೆಸರಿನೊಳಗೆ ಒಂದು ಬಂಡೆಯ ಏಣು ಕಲ್ಲಿನ ದಾರಿಯಂತೆ ನೀರಿನವರೆಗೂ ಹೋಗಿತ್ತು. ಅವಳ ಅಜ್ಜಿ ತೋರಿಸಿದ್ದ ಏಣು ಅದು. ಹಿಂಡು ಒಬ್ಬರ ಹಿಂದೆ ಒಬ್ಬರಂತೆ ಅದರ ಮೇಲೆ ನಡೆಯಿತು. ಎಲ್ಲರಿಗಿಂತ ಹಿಂದೆ ಚಿಟ್ಟಿ ಇದ್ದಳು.

ನರಿಯ ಕಣ್ಣು ಚಿಟ್ಟಿಯ ಮೇಲೆ ಬಿತ್ತು. ಎಂದಿನಂತೆ ಒಣ ಪದರದ ಮೇಲೆ ಅಡ್ಡಹಾದಿ ಹಿಡಿದು ಓಡಿದ. ಹತ್ತು ದಿನದಲ್ಲಿ ತಾನೆಷ್ಟು ಕೊಬ್ಬಿದ್ದೇನೆಂದು ಅವನು ಯೋಚಿಸಿರಲಿಲ್ಲ. ಅರ್ಧ ದಾರಿಯಲ್ಲಿ ನೆಲ ಒಡೆದು ಹೊಟ್ಟೆಯವರೆಗೂ ಇಳಿದ. ಒದ್ದಾಡಿದಷ್ಟೂ ಇನ್ನಷ್ಟು ಇಳಿದ.

"ಅಜ್ಜಿ, ನಿನಗೆ ಈ ನೆಲ ಗೊತ್ತು. ಕಾಲು ಎಲ್ಲಿಡಬೇಕು ಹೇಳು, ನಿನ್ನ ದಮ್ಮಯ್ಯ" ಎಂದು ಅಂಗಲಾಚಿದ.

ಬೊಮ್ಮಜ್ಜಿ ತಿರುಗಿ ನೋಡಿದಳು. "ನನಗೆ ವಯಸ್ಸಾಯ್ತು. ಮುಂದೆ ಬಿಡಬೇಡಿ ಅಂದವನು ನೀನೇ ಅಲ್ವಾ?"

ಹಿಂಡು ಹೊಟ್ಟೆ ತುಂಬ ನೀರು ಕುಡಿಯಿತು. ಅವರು ದಂಡೆಗೆ ಮರಳುವಾಗ ನರಿಯ ಮೂತಿಯಷ್ಟೇ ಮೇಲಿತ್ತು. ಸಂಜೆಗೆ ಅದೂ ಇರಲಿಲ್ಲ.

ಆಮೇಲೆ ಮುದುಕರು ಯಾರೂ ಬಂಡೆಯ ನೆರಳಿಗೆ ಹಿಂದಿರುಗಲಿಲ್ಲ. ಗಾಳಿಯ ವಾಸನೆ ಹಿಡಿಯಲು ಒಬ್ಬರು, ಮರಿಗಳಿಗೆ ಮೇವು ತೋರಿಸಲು ಇಬ್ಬರು ನಿಂತರು. ಹಿಂಡಿನಲ್ಲಿ ಆರು ಜಾಗ ಮಾತ್ರ ಖಾಲಿಯೇ ಉಳಿದವು. ನೀರಿಗೆ ಹೋಗುವಾಗ ಚಿಟ್ಟಿ ಈಗ ಅಜ್ಜಿಯ ಬೆನ್ನಿಗೇ ಇರುತ್ತಿದ್ದಳು, ಕೆಂಪಿ ಇರುತ್ತಿದ್ದ ಕಡೆ.

"ಅಮ್ಮ ಹೋಗಿದ್ದು ಅಲ್ಲೇ ಅಲ್ವಾ ಅಜ್ಜಿ?" ಎಂದು ಅವಳು ದಿನವೂ ಕೇಳುತ್ತಿದ್ದಳು.

"ಅಲ್ಲೇ ಮಗಳೇ. ಅತ್ತ ನೋಡಬೇಡ, ನನ್ನ ಗೊರಸು ನೋಡು" ಎನ್ನುತ್ತಿದ್ದಳು ಅಜ್ಜಿ.

ನೀತಿ: ಹಿರಿಯರಿಗೆ ವಿಶ್ರಾಂತಿ ಕೊಡುತ್ತೇವೆಂದು ಮೂಲೆಗೆ ಕೂರಿಸುವುದು ಗೌರವವಲ್ಲ. ಅವರನ್ನು ಮುಂದೆ ನಡೆಯಲು ಬಿಟ್ಟು, ಅವರ ಅರಿವನ್ನು ಕಲಿತ ಹಿಂಡೇ ಉಳಿಯುತ್ತದೆ.