ವಜ್ರ ಆಗಿಬರಬೇಕಲ್ಲ

ನಿಶ್ಚಿತಾರ್ಥದ ಉಂಗುರ ಆರಿಸಲು ಹುಡುಗಿ ಶಿವಲೀಲೆಯ ಜೊತೆ ಅವಳ ಸೋದರಮಾವ ವಿರೂಪಾಕ್ಷಪ್ಪನವರೂ ಹೊರಟುಬಂದರು. ದಾವಣಗೆರೆಯ ಒಡವೆ ಅಂಗಡಿಯಲ್ಲಿ ಕೂತವರೇ, "ವಜ್ರ ಅಂದ್ರೆ ಮಂಟಪದ ಕೊನೇ ಸಾಲಿಗೂ ಕಾಣ್ಬೇಕು. ದೊಡ್ಡದು ತೆಗೀರಿ!" ಎಂದು ಗುಡುಗಿದರು.

ವರ ಕೊಟ್ರೇಶ ಪಂಚಾಯಿತಿ ಗುಮಾಸ್ತ. ಅವನ ಜೇಬಿಗೆ ಎಟುಕುವುದು ತಟ್ಟೆಯ ಮೂಲೆಯಲ್ಲಿದ್ದ ಸಾಸಿವೆಕಾಳಿನಷ್ಟು ಹರಳು ಮಾತ್ರ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಪಕ್ಕದಲ್ಲಿ ಕೂತ ಶಿವಲೀಲೆಯ ಮುಖ ನೋಡಲೂ ಆಗಲಿಲ್ಲ.

"ದೊಡ್ಡದೇ ಇರ್ಲಿ ಮಾವ," ಎಂದ. "ಆದ್ರೆ ವಜ್ರ ಎಲ್ರಿಗೂ ಆಗಿಬರಲ್ವಂತೆ. ಆರಿಸಿದ ಹಿರಿಯರು ಮೊದ್ಲು ಕೆಲವು ರಾತ್ರಿ ದಿಂಬಿನ ಕೆಳಗಿಟ್ಕೊಂಡು ಮಲಗಬೇಕಂತೆ. ಅವ್ರಿಗೆ ಏನೂ ಕೆಟ್ಟದ್ದಾಗದಿದ್ರೆ ಕೊಳ್ಳಬಹುದಂತೆ. ಇವತ್ತೇ ತಗೊಂಡ್ಹೋಗಿ."

ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸಾಗುವ ಆಸಾಮಿ ವಿರೂಪಾಕ್ಷಪ್ಪ. ಹಣೆ ಒರೆಸಿಕೊಂಡರು.

"ಚಿಕ್ಕದಾದ್ರೆ?"

"ಸಾಸಿವೆಯಷ್ಟು ಕಲ್ಲು ಯಾರಿಗೆ ಏನು ಮಾಡೀತು ಮಾವ?"

"ನಾನೂ ಅದನ್ನೇ ಅಂದ್ಕೊಂಡೆ. ದೊಡ್ಡ ಕಲ್ಲು ನೋಡೋಕೂ ಒರಟು. ಆ ಮೂಲೇದೇ ಲಕ್ಷಣವಾಗಿದೆ, ಅದನ್ನೇ ಕೊಡ್ರಿ!" ಎಂದವರು, ದೊಡ್ಡ ವಜ್ರದಿಂದ ದೂರ ಸರಿದು ಕೂತರು.

ಕೊಟ್ರೇಶ ಒಳಗೊಳಗೇ ನಗುತ್ತ ಶಿವಲೀಲೆಯ ಕಡೆ ತಿರುಗಿದ. ಅವಳು ನಗುತ್ತಿರಲಿಲ್ಲ. ಉಂಗುರವನ್ನು ಬೆರಳಿಗೆ ಹಾಕಿ ನೋಡುತ್ತ ಮೆಲ್ಲಗೆ ಹೇಳಿದಳು:

"ಮಾವಂಗೆ ಇಷ್ಟೊಂದು ಕಥೆ ಹೇಳಿದ್ರಿ. ಬೆರಳು ನಂದಲ್ವೇನ್ರಿ? ನನ್ನನ್ನೊಂದು ಮಾತು ಕೇಳಿದ್ದಿದ್ರೆ, ಚಿಕ್ಕದೇ ಸಾಕು ಅಂತ ನಾನೇ ಹೇಳ್ತಿದ್ದೆ."

ಮಾವನನ್ನು ಗೆದ್ದ ಗುಮಾಸ್ತ ಅಂಗಡಿ ಇಳಿಯುವವರೆಗೂ ತಲೆ ಎತ್ತಲಿಲ್ಲ.