ಬಿಳಿ ಬಂಡೆಯ ಬಳಿ ನೀರೆಷ್ಟು

“ತಾಯಿ, ಹುಣಸೆಮರದ ಕಡೆಗೆ ಹೇಗೆ ಹೋಗಬೇಕು?”

ಮಂಜಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ ಆಕೃತಿಯನ್ನು ಶಾಂಭವಿ ಕೇಳಿದಳು. ಎದೆಯವರೆಗೆ ತೊಯ್ದಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು.

“ಹುಣಸೆಮರದ ಕೆಳಗೇ ನಿಂತು ಕೇಳುತ್ತಿದ್ದೀಯಲ್ಲ ಶಾಂಭವಿ.”

ಹಾಗೆಂದವಳು ಅವಳ ಗುರು ನೀಲವ್ವ. ಬೆಳಗ್ಗೆ ಗಂಜಿಗೆ ಒಲೆ ಹೂಡುತ್ತಿದ್ದ ಗುರುವನ್ನು ಇಲ್ಲೇ ಬಿಟ್ಟು, ಹೊಳೆ ದಾಟುವ ಜಾಗ ನೋಡಿ ಬರುತ್ತೇನೆಂದು ಶಾಂಭವಿ ಹೊರಟಿದ್ದಳು.

“ಬಳಗದಲ್ಲಿ ಬರೆದದ್ದನ್ನು ನಂಬಿ ಇಳಿದೆ ಅವ್ವಾ. ಬಿಳಿ ಬಂಡೆಯ ಬಳಿ ಮೊಣಕಾಲುದ್ದ ನೀರು ಅಂತಿತ್ತು. ಎರಡನೇ ಹೆಜ್ಜೆಗೆ ನೆಲವೇ ಇಲ್ಲ. ಯಾವುದೋ ಬೇರು ಕೈಗೆ ಸಿಕ್ಕಿತು, ಬದುಕಿದೆ.”

ದಾರಿಹೋಕರ ಬಳಗ ಮೊಬೈಲಿನಲ್ಲಿರುವ ಒಂದು ಜಾಲ. ಅದಕ್ಕೆ ಯಜಮಾನನಿಲ್ಲ, ಸಂಬಳದವರಿಲ್ಲ. ನಡೆದವರು ಬರೆಯುತ್ತಾರೆ, ನಡೆಯಲಿರುವವರು ಓದುತ್ತಾರೆ. ಪುರುಸೊತ್ತಿದ್ದವರು ಸುಳ್ಳನ್ನೂ ಬೈಗುಳವನ್ನೂ ಗುಡಿಸಿ ಹಾಕುತ್ತಾರೆ. ನೀಲವ್ವನೂ ದಿನಾ ಒಂದಿಷ್ಟು ಗುಡಿಸುತ್ತಿದ್ದಳು. ಶಾಂಭವಿ ಎಷ್ಟೋ ಊರುಗಳಲ್ಲಿ ಅದನ್ನೇ ನಂಬಿ ಉಂಡಿದ್ದಳು, ಮಲಗಿದ್ದಳು. ತಾನಾಗಿ ಒಂದಕ್ಷರ ಬರೆದಿರಲಿಲ್ಲ.

“ಯಾವಾಗ ಬರೆದದ್ದು?” ನೀಲವ್ವ ಗಂಜಿ ಕಲಕುತ್ತ ಕೇಳಿದಳು.

“ಬೇಸಿಗೆಯಲ್ಲಿ.”

“ಆಗ ಅದು ನಿಜವೇ ಆಗಿತ್ತು.”

ಶಾಂಭವಿ ತಲೆವಸ್ತ್ರದಲ್ಲಿ ಸುತ್ತಿಟ್ಟುಕೊಂಡಿದ್ದ ಮೊಬೈಲ್ ಗುಂಯ್ ಎಂದಿತು. ಬಳಗದಲ್ಲಿ ಯಾರೋ ಕೇಳಿದ್ದರು: ‘ಬಿಳಿ ಬಂಡೆಯ ಆಚೆ ದಡದಲ್ಲಿದ್ದೇನೆ. ಹೆಗಲ ಮೇಲೆ ಮಗು ಇದೆ. ಈಗಲೂ ಮೊಣಕಾಲುದ್ದವೇ? ಯಾರೂ ಏನೂ ಹೇಳದಿದ್ದರೆ ಇಳಿಯುತ್ತೇನೆ.’

ಶಾಂಭವಿ ಹೊಳೆಯತ್ತ ತಿರುಗಿದಳು. ಕೂಗಿ ಹೇಳೋಣವೆಂದರೆ ಹೊಳೆಯ ಭೋರ್ಗರೆತ. ಮೊಬೈಲನ್ನು ಗುರುವಿನತ್ತ ಚಾಚಿದಳು.

“ನೀವು ಬರೆಯಿರಿ ಅವ್ವಾ. ನಿಮ್ಮ ಮಾತನ್ನು ನಂಬುತ್ತಾರೆ.”

“ನನ್ನ ಸೀರೆ ಒಣಗಿಯೇ ಇದೆಯಲ್ಲ.”

“ನಾನು ಇಳಿದದ್ದು ಒಂದೇ ಕಡೆ. ನನ್ನ ಮಾತು ಕೇಳಿ ಅವರು ಇನ್ನೆಲ್ಲೋ ಇಳಿದು, ಅಲ್ಲಿ ಏನಾದರೂ ಆದರೆ?”

ನೀಲವ್ವ ಎದ್ದು ಬಂದು, ಶಾಂಭವಿಯ ಎದೆಯ ಮೇಲೆ ಒದ್ದೆ ಮುಗಿದು ಒಣಬಟ್ಟೆ ಶುರುವಾಗುವ ಗೆರೆಗೆ ಬೆರಳಿಟ್ಟಳು.

“ಇಲ್ಲಿಯವರೆಗೆ ತೊಯ್ದಿದೆ. ಇಷ್ಟನ್ನೇ ಬರೆ. ಇದಕ್ಕಿಂತ ಮೇಲೂ ಬೇಡ, ಕೆಳಗೂ ಬೇಡ.”

ಶಾಂಭವಿ ಬರೆದಳು. ‘ಇಳಿಯಬೇಡಿ. ಈಚೆ ದಡದಿಂದ ಈಗಷ್ಟೇ ಇಳಿದಿದ್ದೆ. ಎರಡನೇ ಹೆಜ್ಜೆಗೆ ಎದೆಮಟ್ಟ ಮುಳುಗಿದೆ, ನೆಲ ಸಿಗಲಿಲ್ಲ. ಬೇರೆ ಕಡೆ ಹೇಗಿದೆಯೋ ನನಗೆ ಗೊತ್ತಿಲ್ಲ.’

ಉತ್ತರ ಬರಲಿಲ್ಲ. ಆಚೆ ದಡ ಮಂಜಿನೊಳಗಿತ್ತು. ಗಂಜಿ ಉಕ್ಕಿ ಬೆಂಕಿಗೆ ಬಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

ಮತ್ತೆ ಗುಂಯ್ ಎಂದಿತು.

‘ಒಂದು ಕಾಲು ನೀರಿನಲ್ಲಿತ್ತು. ಹಿಂದೆ ಬಂದೆ.’

ಶಾಂಭವಿ ಒಲೆಯ ಬಳಿ ಬಂದು ಕೂತಳು.

“ಬಳಗದ ಋಣ ಒಂದಿಷ್ಟು ತೀರಿತೇನೋ ಅವ್ವಾ. ಆದರೆ ತಪ್ಪು ಬರೆದೆನೇನೋ ಎಂದು ಇನ್ನೂ ಅಳುಕು. ಈ ಹೆದರಿಕೆ ಯಾವಾಗ ಹೋಗುತ್ತದೆ?”

ನೀಲವ್ವ ಉಳಿದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ ಅವಳ ಕೈಗಿಟ್ಟಳು.

“ಹೋಗುವುದು ಬೇಡ. ಹೆದರದೆ ಬರೆದವರ ಮಾತು ನಂಬಿ ನಾನು ಯಾವ ಹೊಳೆಗೂ ಇಳಿಯುವುದಿಲ್ಲ.”